ಬೊಳ್ಳುವಿನ ಉತ್ತರ

ಪಡುಕೆರೆಯಲ್ಲಿ ದೋಣಿ ಕಟ್ಟುವ ಶೆಡ್ಡಿನ ಹಿಂದೆ
ಒಳ್ಳೆಯ ಹುಲ್ಲು ಬರುತ್ತದೆ. ಅದೇ ತಾಪತ್ರಯ.
ಬಡಗಿಯ ಕೈಜಾರಿದ ಮೊಳೆ, ವೆಲ್ಡಿಂಗಿನ ತುಂಡು,
ಯಾರೋ ಸುಟ್ಟ ಟಯರಿನ ಕೂದಲಂಥ ತಂತಿ
ಗರಿಕೆಯ ಬುಡದಲ್ಲಿ
ಹುಲ್ಲಿನ ಹಾಗೆಯೇ ಎದ್ದು ನಿಂತಿರುತ್ತವೆ.

ಆಡಾದರೆ ತುಟಿಯಲ್ಲಿ ಹೆಕ್ಕುತ್ತದೆ,
ಬೆಕ್ಕು ಬಂಗುಡೆಯ ಮುಳ್ಳನ್ನೂ ಪಕ್ಕಕ್ಕಿಡುತ್ತದೆ.
ದನ ನಾಲಗೆ ಸುತ್ತಿ ಎಳೆಯುತ್ತದೆ, ನುಂಗುತ್ತದೆ.
ಲೆಕ್ಕವೆಲ್ಲ ಆಮೇಲೆ, ಮಲಗಿ, ಮೆಲುಕಿನಲ್ಲಿ.
ಕಬ್ಬಿಣ ಮಾತ್ರ ಮೆಲುಕಿಗೆ ಬರುವುದಿಲ್ಲ.

ಬೊಳ್ಳುವಿನ ತಾಯಿ ಹಾಗೆಯೇ ಹೋದದ್ದು.
ಎಂಟು ದಿನ ಬೆನ್ನು ಬಿಲ್ಲಾಗಿಸಿ, ಮೊಣಕೈ ಹೊರಚಾಚಿ,
ಮಲಗಲೂ ಹೆದರಿ ನಿಂತೇ ಇತ್ತು.
ದೃಷ್ಟಿ ಎಂದರು. ಗ್ಯಾಸು ಎಂದರು. ಓಮದ ನೀರು ಕುಡಿಸಿದೆವು.
ಕೊನೆಗೆ ಕೊಯ್ದು ನೋಡಿದ ಡಾಕ್ಟರು ಫ್ಲಾವಿಯಾ
ವಾರಿಜಕ್ಕನ ಅಂಗೈಗೆ ತೊಳೆದು ಕೊಟ್ಟದ್ದು
ಒಂದೂವರೆ ಇಂಚಿನ ತಂತಿ.
ಅದರ ಮೊನೆ ಹೃದಯದ ಚೀಲದೊಳಗಿತ್ತಂತೆ.
ಅಕ್ಕ ಬಿಸಾಡಲಿಲ್ಲ. ಕ್ಯಾಲೆಂಡರಿನ ಮೊಳೆಗೆ ಸಿಕ್ಕಿಸಿದಳು.

ಈ ವರ್ಷ ಮೀನು ಹಿಡಿಯಬಾರದ ಎರಡು ತಿಂಗಳು
ಬೋಟು ದಕ್ಕೆಯಲ್ಲಿ, ನಾನು ಅಕ್ಕನ ಜಗಲಿಯಲ್ಲಿ.
ಡಾಕ್ಟರು ಸ್ಕೂಟರಿನಲ್ಲಿ ಬಂದರು,
ಚೀಲದಿಂದ ಅಯಸ್ಕಾಂತ ತೆಗೆದರು:
ಬೆರಳುದ್ದ, ಬೆಂಡೆಕಾಯಿಯ ದಪ್ಪ, ಹೊಳೆಗಲ್ಲಿನ ನುಣುಪು.
"ದನದ ಎರಡನೇ ಹೊಟ್ಟೆ ಉಂಟಲ್ಲ ತಾಂಡೇಲರೇ,
ಒಳಗೆ ನೋಡಿದರೆ ನಿಮ್ಮ ಬಲೆಯದೇ ಕಣ್ಣು.
ಭಾರದ್ದೆಲ್ಲ ಅಲ್ಲೇ ಬೀಳುವುದು.
ಅದರಾಚೆ ಒಂದು ಪರದೆ. ಪರದೆಯಾಚೆ ಹೃದಯ."

ಬಲೆಯ ಮಾತಾದರೆ ನನಗೆ ತಿಳಿಯುತ್ತದೆ.
ಬೂತಾಯಿ ಕೇಳಿದ ದಿನ
ಯಾರದೋ ಎಡಗಾಲಿನ ಚಪ್ಪಲಿ ಕೊಟ್ಟದ್ದುಂಟು ಸಮುದ್ರ.

ನಾನು ಕೊಂಬು ಹಿಡಿದೆ, ಅಕ್ಕ ಗಂಗೆದೊಗಲು ಸವರಿದಳು.
ಕೊಳವೆ ನಾಲಗೆಯ ಬುಡ ದಾಟಿತು. ಗುಟುಕ್.
ಬೆಲ್ಲ ಎಂದು ಹಾಗಲಕಾಯಿ ಕೊಟ್ಟವರನ್ನು ನೋಡುವ ಹಾಗೆ
ಬೊಳ್ಳು ನಮ್ಮನ್ನು ನೋಡಿತು.
"ಇನ್ನು ಯಾವಾಗ ತೆಗೆಯುವುದು?"
"ತೆಗೆಯುವುದಿಲ್ಲ. ಇದ್ದಷ್ಟು ದಿನ ಅಲ್ಲೇ.
ನುಂಗಿದ್ದು ಹೊರಗೆ ಬರುವುದಿಲ್ಲ ವಾರಿಜಾ,
ಅಲೆಯದ ಹಾಗೆ ಹಿಡಿದುಕೊಳ್ಳುತ್ತದೆ, ಅಷ್ಟೇ."
ಅಕ್ಕ ಸೆರಗಿನಲ್ಲಿ ಕೈ ಒರೆಸಿದಳು, ಮತ್ತೊಮ್ಮೆ ಒರೆಸಿದಳು.
"ಮನುಷ್ಯರ ಸೈಜಿನದ್ದು ಉಂಟಾ ಡಾಕ್ಟ್ರೇ?"
ಡಾಕ್ಟರು ನಗಲಿಲ್ಲ. ರಸೀದಿ ಪುಸ್ತಕ ತೆಗೆದರು.

ಸರಿಯಾದ ಜಾಗದಲ್ಲಿ ಕೂತಿತೋ ಇಲ್ಲವೋ ನೋಡಲು
ದಿಕ್ಸೂಚಿ ಬೇಕಂತೆ. ನನ್ನದೊಂದಿತ್ತು,
ಹಿತ್ತಾಳೆ ಡಬ್ಬಿಯದು, ಜಿಪಿಎಸ್ ಬಂದ ಮೇಲೆ
ಕೆಲಸ ಹೋಗಿ ಅಕ್ಕಿ ಡ್ರಮ್ಮಿನ ಮೇಲೆ ಕೂತಿದ್ದದ್ದು.
ಇಪ್ಪತ್ತೆರಡು ವರ್ಷ, ಕಾರವಾರದಾಚೆಯ ಕತ್ತಲೆಯಲ್ಲೂ
ಎಂಜಿನ್ ಕೆಟ್ಟು ತೇಲಿದ ರಾತ್ರಿಯಲ್ಲೂ
ಒಂದೇ ಮಾತಿಗೆ ನಿಂತ ಮುಳ್ಳು.

ಎಡ ಮುಂಗಾಲಿನ ಹಿಂದೆ, ಪಕ್ಕೆಗೆ ಹಿಡಿದೆ.
ಮುಳ್ಳು ನಡುಗಿತು,
ಉತ್ತರ ಬಿಟ್ಟು ಬೊಳ್ಳುವಿನ ಕಡೆ ತಿರುಗಿ ನಿಂತಿತು.
ಬೊಳ್ಳು ಬಾಲ ಬೀಸಿ ಒಂದು ಹೆಜ್ಜೆ ಇಟ್ಟಿತು.
ಉತ್ತರವೂ ಒಂದು ಹೆಜ್ಜೆ ಇಟ್ಟಿತು.
ಇಷ್ಟು ವರ್ಷ ನಾನು ನಂಬಿದ್ದು
ಹೀಗೆ ಹುಲ್ಲು ಮೇಯುತ್ತಾ ಸರಿಯಬಲ್ಲದು ಎಂದು
ಯಾವ ತಾಂಡೇಲನೂ ಹೇಳಿರಲಿಲ್ಲ.

ನಾಳೆ ಬೋಟು ನೀರಿಗಿಳಿಯುತ್ತದೆ.
ದಿಕ್ಸೂಚಿ ಅಕ್ಕನ ಹತ್ತಿರವೇ ಇರಲಿ ಎಂದೆ.
ತಿಂಗಳಿಗೊಮ್ಮೆ ನೋಡಿದರೆ ಸಾಕು. ಅವಳು ದಿನಾ ನೋಡುತ್ತಾಳೆ,
ಕರೆಯಲು ಕೂರುವ ಮೊದಲು, ಚೊಂಬು ಕೆಳಗಿಟ್ಟು.

ಶೆಡ್ಡಿಗೂ ಹೋಗಿ ಬಂದೆ.
ಮೊಳೆ ಹೆಕ್ಕಿಡು ಮಾರಾಯ, ದನ ಮೇಯುವ ಜಾಗ ಎಂದೆ.
ಬಡಗಿ ಹಲಗೆಯಿಂದ ಕಣ್ಣೆತ್ತದೆ ಹೂಂ ಅಂದ.
ಹೂಂ ಮಾತ್ರ ಅನ್ನಬಹುದಿತ್ತು ಅವನು.
ತುಟಿಗಳ ನಡುವೆ ನಾಲ್ಕು ಮೊಳೆ ಕಚ್ಚಿಕೊಂಡಿದ್ದ.